ಗಂಗೊಳ್ಳಿ ಅಳಿವೆಗೆ ತಕ್ಕ ಸ್ಪೇರ್ ಫ್ಯಾನ್

ಮೇ ಮುಗಿಯುವ ಹೊತ್ತಿಗೆ ನಮ್ಮ ಕೇರಿಯ ಹುಡುಗರು ಕೇಳುವುದು ಇದನ್ನೇ: ದೋಣಿಗೆ ಸ್ಪೇರ್ ಫ್ಯಾನ್, ಅಂದರೆ ಪ್ರೊಪೆಲ್ಲರ್, ಯಾವುದು ತಗೊಳ್ಳೋದು? ಹೆಚ್ಚಿನವರು ಈಗಿರುವ ಅಳತೆಯದ್ದೇ ಇನ್ನೊಂದು ತಂದು ಇಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಸ್ಪೇರ್ ಫ್ಯಾನಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ತಳ್ಳುವ ದೂರ, ಸ್ವಲ್ಪ ಕಮ್ಮಿ ಇರಬೇಕು.

ಯಾಕೆ ಅಂತ ಹೇಳ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. 10 ಎಚ್‌ಪಿವರೆಗಿನ ಇಂಜಿನ್ ಇರುವ ನಾಡದೋಣಿಗೆ ಮಾತ್ರ ಅವಕಾಶ. ನಮ್ಮ ಸೀಸನ್ನೇ ಅದು. ಅದೇ ಹೊತ್ತಿಗೆ ಪಂಚಗಂಗಾವಳಿ ಹೊಳೆ ಕೆಂಪು ನೀರು ತುಂಬಿಕೊಂಡು ಬರುತ್ತದೆ. ಜೊತೆಗೆ ಮರದ ತುಂಡು, ತೆಂಗಿನ ಮಡಲು, ಹರಿದ ಬಲೆ, ಪ್ಲಾಸ್ಟಿಕ್ ಹಗ್ಗ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳು ಬೇರೆ ಕೂತಿರುತ್ತದೆ. ಫ್ಯಾನ್ ಪೆಟ್ಟು ತಿನ್ನುವುದು ಹೆಚ್ಚಾಗಿ ವಾಪಸ್ ಬರುವಾಗ. ಬಲೆ ನೆನೆದು ಭಾರ, ಮೇಲಿಂದ ಬಂಗುಡೆಯ ಭಾರ. ಆಗ ಹಾಕುವ ಫ್ಯಾನು ವೇಗ ಕೊಡಬೇಕಾಗಿಲ್ಲ. ತೆರೆ ಎದುರು ದೋಣಿಯನ್ನು ತಳ್ಳಬೇಕು, ಅಷ್ಟೇ. "ನಿಧಾನ ಹೋರೂ ಅಡ್ಡಿಲ್ಲೆ, ಮನಿಗ್ ಮುಟ್ಕ್" ಅಂತ ನಮ್ಮ ಚಿಕ್ಕಪ್ಪ ಹೇಳುವುದು ಇದನ್ನೇ.

ಫ್ಯಾನಿನ ಮೇಲೆ ಅಳತೆ ಕೊರೆದಿರುತ್ತದೆ. ಉಪ್ಪು, ಪಾಚಿ ಉಜ್ಜಿ ತೆಗೆದರೆ ಕಾಣುತ್ತದೆ. ನಮ್ಮ ಯಮಹಾದ ಫ್ಯಾನಿನಲ್ಲಿ 9¼ × 9¾ – ಜೆ1 ಅಂತಿದೆ. ಮೊದಲನೆಯದು ಅಗಲ, ಇಂಚಿನಲ್ಲಿ. ಎರಡನೆಯದು ಪಿಚ್, ಅಂದರೆ ಒಂದು ಸುತ್ತು ತಿರುಗಿದರೆ ಲೆಕ್ಕಪ್ರಕಾರ ಎಷ್ಟು ಇಂಚು ಮುಂದೆ ಹೋಗಬೇಕು ಅಂತ. ನೀರು ಜಾರುವುದರಿಂದ ಅಷ್ಟು ಹೋಗುವುದಿಲ್ಲ, ಅದು ಬೇರೆ ಮಾತು. ಕೊನೆಯ ಅಕ್ಷರ ಯಾವ ಶಾಫ್ಟಿಗೆ ಕೂರುತ್ತದೆ ಅನ್ನುವುದಕ್ಕೆ. ಅಂಗಡಿಯಲ್ಲಿ "9.9 ಎಚ್‌ಪಿ ಇಂಜಿನ್ನಿಗೆ ಒಂದು ಫ್ಯಾನ್ ಕೊಡಿ" ಅಂತ ಸುಮ್ನೆ ಕೇಳಬೇಡಿ. ಹಳೆಯದನ್ನೇ ಬಿಚ್ಚಿ ತಗೊಂಡು ಹೋಗಿ, ಒಳಗಿನ ಹಲ್ಲು ಎಣಿಸಿ, ಪಕ್ಕಪಕ್ಕ ಇಟ್ಟು ನೋಡಿ.

ನಾನು ಸ್ಪೇರ್ ಅಂತ ಇಟ್ಟಿರುವುದು 9¼ × 8. ಪಿಚ್ ಒಂದು ಇಂಚು ಇಳಿಸಿದರೆ ಇಂಜಿನ್ ಸುಮಾರು 150ರಿಂದ 200 ಆರ್‌ಪಿಎಂ ಮೇಲೇರುತ್ತದೆ. ಭಾರ ಇದ್ದಾಗ ಇಂಜಿನ್ ಮುಕ್ಕರಿಯುವುದಿಲ್ಲ. ಸೀಮೆಎಣ್ಣೆಯಲ್ಲಿ ಓಡಿಸುವವರಿಗೆ ಇದು ಇನ್ನೂ ಮುಖ್ಯ. ಸೀಮೆಎಣ್ಣೆಯಲ್ಲಿ ಇಂಜಿನ್ನಿಗೆ ಪೆಟ್ರೋಲಿನಷ್ಟು ಶಕ್ತಿ ಬರುವುದಿಲ್ಲ, ಅದಕ್ಕೆ ದೊಡ್ಡ ಪಿಚ್ ಹೊರೆಯೇ. ಒಂದೇ ಎಚ್ಚರ: ಕಮ್ಮಿ ಪಿಚ್ಚಿನ ಫ್ಯಾನ್ ಹಾಕಿಕೊಂಡು ಖಾಲಿ ದೋಣಿಯಲ್ಲಿ ಫುಲ್ ಥ್ರಾಟಲ್ ಕೊಡಬಾರದು. ಇಂಜಿನ್ ಮಿತಿ ಮೀರಿ ತಿರುಗುತ್ತದೆ.

ಸ್ಟೀಲಾ, ಅಲ್ಯುಮಿನಿಯಮ್ಮಾ? ನಮ್ಮಂಥ ದೋಣಿಗೆ ಅಲ್ಯುಮಿನಿಯಮ್ಮೇ ಸರಿ. ದಿಮ್ಮಿಗೆ ಬಡಿದರೆ ರೆಕ್ಕೆ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಸ್ಟೀಲ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಪೆಟ್ಟು ಶಾಫ್ಟಿಗೂ ಗೇರಿಗೂ ಹೋಗುತ್ತದೆ. ಫ್ಯಾನಿನ ದುಡ್ಡಿಗೂ ಗೇರ್ ಕೆಲಸದ ದುಡ್ಡಿಗೂ ಎಲ್ಲಿಂದೆಲ್ಲಿಗೆ, ಅಲ್ವಾ?

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಮಧ್ಯದ ರಬ್ಬರ್ ಬುಷ್ ಮೊದಲು ನೋಡಿ. ಪೆಟ್ಟು ಬಿದ್ದಾಗ ಜಾರಿ ಗೇರನ್ನು ಕಾಪಾಡುವುದು ಅದೇ. ಆದರೆ ಒಮ್ಮೆ ಸೋತರೆ ಇಂಜಿನ್ ಕಿರುಚುತ್ತದೆ, ದೋಣಿ ಕದಲುವುದಿಲ್ಲ. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದ ಫ್ಯಾನಿನಲ್ಲಿ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಆಮೇಲೆ ಫ್ಯಾನನ್ನು ಮಧ್ಯದ ತೂತು ಮೇಲ್ಮುಖವಾಗಿರುವ ಹಾಗೆ ಸಿಮೆಂಟ್ ನೆಲದ ಮೇಲೆ ಇಡಿ. ಪ್ರತಿ ರೆಕ್ಕೆಯ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಸ್ಕೇಲಿನಲ್ಲಿ ಅಳೆಯಿರಿ. ಮೂರೂ ಒಂದೇ ಬರಬೇಕು. ವೆಲ್ಡಿಂಗ್ ಮಾಡಿದ ಗುರುತಿದ್ದು ಅಳತೆ ಹೆಚ್ಚುಕಮ್ಮಿ ಇದ್ದರೆ ಬಿಟ್ಟುಬಿಡಿ. ಅದು ಅದುರುತ್ತದೆ, ಬೇರಿಂಗ್ ತಿನ್ನುತ್ತದೆ.

ಫ್ಯಾನ್ ಒಂದೇ ಇದ್ದರೆ ಸಾಲದು. ನಟ್ಟು, ವಾಷರ್, ನಟ್ಟು ಸಡಿಲಾಗದಂತೆ ಹಾಕುವ ಕಾಟರ್ ಪಿನ್ ನಾಲ್ಕೈದು, ಇಕ್ಕಳ, ಸ್ಪ್ಯಾನರ್, ಒಂದು ಮರದ ತುಂಡು, ಎಲ್ಲ ಒಂದೇ ಚೀಲದಲ್ಲಿರಲಿ. ಸ್ಪ್ಯಾನರಿಗೆ ದಾರ ಕಟ್ಟಿ ಕೈಗೆ ಸುತ್ತಿಕೊಳ್ಳಿ, ತೆರೆಯಲ್ಲಿ ಕೈ ಜಾರಿದರೆ ಮತ್ತೆ ಸಿಗುವುದಿಲ್ಲ. ಬಿಚ್ಚುವ ಮೊದಲು ಇಂಜಿನ್ ಆಫ್ ಮಾಡಿ, ಕಿಲ್ ಸ್ವಿಚ್ಚಿನ (ಇಂಜಿನ್ ತಟ್ಟನೆ ನಿಲ್ಲಿಸುವ ಸ್ವಿಚ್ಚು) ಹಗ್ಗ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಇದರಲ್ಲಿ ಯಾವ ರಿಯಾಯಿತಿಯೂ ಬೇಡ. ಇಂಜಿನ್ ಎತ್ತಿ, ಫ್ಯಾನ್ ತಿರುಗದ ಹಾಗೆ ರೆಕ್ಕೆಗೂ ಮೇಲಿನ ತಟ್ಟೆಗೂ ನಡುವೆ ಮರದ ತುಂಡು ಕೊಟ್ಟು ನಟ್ಟು ಸಡಿಲಿಸಿ.

ಫ್ಯಾನ್ ಹೊರಗೆ ಬಂದಾಗ ಅದರ ಹಿಂದೆ ಗೇರ್ ಕಡೆ ಇರುವ ವಾಷರ್ ಹತ್ತಿರ ಕಣ್ಣು ಹಾಯಿಸಿ. ಬಲೆಯ ನೈಲಾನ್ ದಾರ ಅಲ್ಲಿ ಸುತ್ತಿಕೊಂಡು ಗೇರಿನೊಳಗೆ ನೀರು ಹೋಗದಂತೆ ತಡೆಯುವ ಆಯಿಲ್ ಸೀಲನ್ನು ಕೊಯ್ದಿರುತ್ತದೆ. ದಡಕ್ಕೆ ಬಂದ ಮೇಲೆ ಗೇರ್ ಆಯಿಲ್ ಹಾಲಿನ ಹಾಗೆ ಬೆಳ್ಳಗೆ ಇಳಿದರೆ ನೀರು ಹೋಗಿದೆ ಅಂತಲೇ. ಆ ಸೀಲ್ ಬದಲಾಯಿಸದೆ ಮರುದಿನ ಕಡಲಿಗೆ ಹೋಗಬೇಡಿ.