ಹಾಡಿನ ಮೊದಲ ಸಾಲು ಎಲ್ಲಿಂದ ಬರುತ್ತದೆ

ಧಾರವಾಡ ಮತ್ತು ಹುಬ್ಬಳ್ಳಿಯ ನಾಟಕ ತಂಡಗಳಿಗೆ ಹಾಡು ಬರೆದು, ಅವಕ್ಕೆ ಧಾಟಿ ಕೂಡಿಸಿ, ತಾಲೀಮು ಮುಗಿಯುವ ತನಕ ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿದು ಕೂಡುವುದು ನನ್ನ ಹೊಟ್ಟೆಪಾಡಿನ ಕೆಲಸ. ನಡುನಡುವೆ ಜಾತ್ರೆಯ ಭಕ್ತಿಗೀತೆ, ಶಾಲೆಯ ವಾರ್ಷಿಕೋತ್ಸವದ ಸ್ವಾಗತಗೀತೆ, ಇಲಾಖೆಗಳ ಜಾಗೃತಿ ಹಾಡುಗಳೂ ಬರುತ್ತವೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ರಾಗ, ತಾಳ, ಪ್ರಾಸಗಳಿಗಿಂತ ಮೊದಲು ಕೇಳುವುದು ಹಾಡು ಹೊಳೆಯುವುದು ಹೇಗೆ ಎಂದು. ಪ್ರೇರಣೆ, ಒಳದನಿ, ಸರಸ್ವತಿಯ ಕೃಪೆ ಎಂದೆಲ್ಲ ಉತ್ತರ ಕೊಡಬಹುದು; ಸನ್ಮಾನದ ವೇದಿಕೆಗಳಲ್ಲಿ ನಾನೂ ಹಾಗೆ ಹೇಳಿದ್ದುಂಟು. ಆದರೆ ಶುಕ್ರವಾರದ ತಾಲೀಮಿಗೆ ಹಾಡು ಬೇಕೆಂದು ನಿರ್ದೇಶಕರು ಹೇಳಿಹೋದ ಮೇಲೆ ಕೃಪೆಗಾಗಿ ಕಾಯುತ್ತ ಕೂಡಲು ಆಗುವುದಿಲ್ಲ. ಕೆಲಸ ಮಾಡುತ್ತ ಮಾಡುತ್ತ ನಾನು ಕಂಡುಕೊಂಡದ್ದು ಇಷ್ಟು: ಹಾಡು ವಿಷಯದಿಂದ ಹುಟ್ಟುವುದಿಲ್ಲ, ಯಾರೋ ಬಾಯಿಬಿಟ್ಟು ಆಡಿದ ಮಾತಿನಿಂದ ಹುಟ್ಟುತ್ತದೆ, ಮತ್ತು ಆ ಮಾತು ಬರುವಾಗಲೇ ತನ್ನ ನಡೆಯನ್ನು, ಅಂದರೆ ತಾಳವನ್ನು, ಜೊತೆಗೇ ತಂದಿರುತ್ತದೆ.

ಕೆಲಸ ಕೊಡುವವರು ಮಾತ್ರ ಯಾವಾಗಲೂ ವಿಷಯವನ್ನೇ ಕೊಡುತ್ತಾರೆ. ಒಂದು ಕಚೇರಿಯವರು ನೈರ್ಮಲ್ಯದ ಬಗ್ಗೆ ಹಾಡು ಬೇಕೆಂದು ಕರೆದು, ಕೈ ತೊಳೆಯುವುದು, ನೀರು ಕಾಯಿಸುವುದು, ಕಸ ಬೇರ್ಪಡಿಸುವುದು, ಸೊಳ್ಳೆಪರದೆ ಕಟ್ಟುವುದು ಎಂದು ಉದ್ದನೆಯ ಪಟ್ಟಿ ಮಾಡಿ, ಇವೆಲ್ಲವೂ ಎರಡು ಚರಣಗಳಲ್ಲಿ ಬರಬೇಕು ಎಂದು ಕೈಗಿತ್ತರು. ಪ್ರಾಸ ಕೂಡಿಸಿ ಪಟ್ಟಿಯನ್ನು ಓದಿಸಬಹುದು, ಓದಿಸಿಯೂ ಕೊಟ್ಟೆ, ಹಣವೂ ಬಂತು. ಆದರೆ ಅದನ್ನು ಯಾರಾದರೂ ಬಟ್ಟೆ ಒಗೆಯುತ್ತ ಗುನುಗಿದ್ದನ್ನು ನಾನು ಕೇಳಿಲ್ಲ. ಅಂದಿನಿಂದ ಕೆಲಸ ಒಪ್ಪಿಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳುವ ರೂಢಿ ಬೆಳೆದಿದೆ: ಈ ಹಾಡನ್ನು ಹೇಳುವವರು ಯಾರು, ಯಾರಿಗೆ ಹೇಳುತ್ತಾರೆ, ಹೇಳುವಾಗ ಕೈಯಲ್ಲಿ ಏನಿದೆ? ಇದಕ್ಕೆ ಉತ್ತರ ಸಿಕ್ಕರೆ ಮಾತನ್ನು ಹುಡುಕಿಕೊಂಡು ಎಲ್ಲಿಗೆ ಹೋಗಬೇಕು ಎಂಬುದು ತಿಳಿಯುತ್ತದೆ.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ಬೆಳವಲ ಸೀಮೆಯ ಒಂದು ಒಕ್ಕಲುತನದ ಮನೆಯ ಕಥೆಯುಳ್ಳ ನಾಟಕಕ್ಕಾಗಿ ನಿರ್ದೇಶಕರು, ‘ಮಾಸ್ತರ, ಎರಡನೇ ಅಂಕದಾಗ ಬರಗಾಲದ ಮ್ಯಾಲೆ ಒಂದು ಹಾಡು ಬೇಕ್ರಿ’ ಎಂದರು. ಬರಗಾಲ ಎಂಬುದು ವಿಷಯ. ಬಿರಿದ ನೆಲ, ಬತ್ತಿದ ಕೆರೆ, ಮುಗಿಲು ನೋಡುವ ರೈತ ಎಂದು ಎಲ್ಲರೂ ಬರೆದದ್ದನ್ನೇ ನಾನೂ ಮೂರು ನಾಲ್ಕು ದಿನ ಬರೆದು ಹೊಡೆದುಹಾಕಿದೆ. ನಾಟಕದಲ್ಲಿ ಹಾಡುವವಳು ಮನೆಯ ಹಿರಿಯ ಹೆಣ್ಣುಮಗಳು, ಕೇಳುವವಳು ಸೊಸೆ. ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಿ ತಪ್ಪಲುಪಲ್ಯ ಮಾರುವ ಹೆಣ್ಣುಮಕ್ಕಳು ಸಾಲಾಗಿ ಕೂಡುವ ಜಾಗದಲ್ಲಿ ಮೆಂತೆಯ ಸೂಡು ಆರಿಸುತ್ತ ನಿಂತಿದ್ದಾಗ, ಪಕ್ಕದವಳು ‘ಇವತ್ತರ ಮಳಿ ಬರ್ತೈತೇನ ಯಕ್ಕಾ?’ ಎಂದು ಕೇಳಿದ್ದಕ್ಕೆ, ಪಲ್ಯಕ್ಕೆ ನೀರು ಚಿಮುಕಿಸುತ್ತಿದ್ದ ಹಿರಿಯಳು ತಲೆ ಎತ್ತದೆ, ‘ಬಂದ್ರ ಬರ್ಲಿ, ಹೋದ್ರ ಹೋಗ್ಲಿ, ನಾ ಏನ್ ಮುಗಿಲಿನ ಕೂಡ ಜಗಳಾ ತಗೀಲೇನವ್ವಾ?’ ಎಂದಳು. ಪಲ್ಯದ ರೊಕ್ಕ ಕೊಟ್ಟವನು ಅಲ್ಲಿಯೇ ಬದಿಗೆ ಸರಿದು ಆ ಮಾತನ್ನು ಮೊಬೈಲಿನಲ್ಲಿ ನನ್ನ ದನಿಯಲ್ಲಿಯೇ ಹೇಳಿ ಇಟ್ಟುಕೊಂಡೆ.

ಈಗ ಆ ಮಾತಿನ ಮಾತ್ರೆಗಳನ್ನು ಎಣಿಸಿ ನೋಡಬೇಕು. ಪುಸ್ತಕದ ರೀತಿಯಲ್ಲಿ ‘ಬಂದರೆ ಬರಲಿ, ಹೋದರೆ ಹೋಗಲಿ’ ಎಂದು ಬರೆದರೆ ನಾಲ್ಕು, ಮೂರು, ನಾಲ್ಕು, ನಾಲ್ಕು ಎಂದು ಮಾತ್ರೆಗಳು ಬೀಳುತ್ತವೆ. ‘ಬರಲಿ’ಯ ಕೊನೆಯನ್ನು ಎಳೆದು ನಾಲ್ಕಕ್ಕೆ ತಂದರೆ ಎಂಟು ಮಾತ್ರೆಯ ಕೆಹರವಾ ತಾಳದಲ್ಲಿ ಕೂಡುತ್ತದೆ, ಮತ್ತು ಹಾಗೆ ಕೂಡಿದ ಕ್ಷಣವೇ ಅದು ಶಾಲೆಯ ಪ್ರಾರ್ಥನೆಯ ಹಾಗೆ ಕೇಳಿಸುತ್ತದೆ. ಅವಳ ಬಾಯಿಯ ‘ಬಂದ್ರ ಬರ್ಲಿ, ಹೋದ್ರ ಹೋಗ್ಲಿ’ಯಲ್ಲಿ ಪ್ರತಿಯೊಂದು ಪದವೂ ಒಂದು ಗುರು, ಒಂದು ಲಘು, ಅಂದರೆ ಮೂರು ಮಾತ್ರೆ. ಮೂರು ಮೂರು ಕೂಡಿದರೆ ಆರು. ತಬಲಾದವನಿಗೆ ಹೇಳುವ ಮೊದಲೇ ದಾದ್ರಾ ತಾಳ ಅಲ್ಲಿ ಕೂತಿದೆ. ನಾನು ಮಾಡಬೇಕಾಗಿದ್ದದ್ದು ಅದೇ ನಡೆಯಲ್ಲಿ ಇನ್ನೊಂದು ಸಾಲನ್ನು ಜೋಡಿಸುವುದಷ್ಟೇ:

ಬಂದ್ರ ಬರ್ಲಿ, ಹೋದ್ರ ಹೋಗ್ಲಿ,
ಮುಗಿಲ ಕೂಡ ಜಗಳ ಯಾಕ?
ಬಿತ್ತಿ ಬಂದ ಕೈಯ ಮಣ್ಣು
ತೊಳೆಯಲಿಲ್ಲ ಇನ್ನು ನಾನು.

ಎಲ್ಲ ಸಾಲುಗಳಲ್ಲಿಯೂ ಮೂರರ ನಾಲ್ಕು ಗಣಗಳಿವೆ. ‘ಬಿತ್ತಿ ಬಂದ ಕೈಯ ಮಣ್ಣು’ ನನ್ನದು. ಆದರೆ ಮೊದಲ ಮಾತು ತನ್ನ ನಡೆಯನ್ನು ಗೊತ್ತುಮಾಡಿದ ಮೇಲೆ ಅದು ತಾನಾಗಿ ಬಂತು ಎಂದರೂ ತಪ್ಪಿಲ್ಲ. ಬರಗಾಲ ಎಂಬ ಶಬ್ದ ಇಡೀ ಹಾಡಿನಲ್ಲಿ ಎಲ್ಲಿಯೂ ಇಲ್ಲ ಎಂದು ನಿರ್ದೇಶಕರು ಮೊದಲು ಗೊಣಗಿದರು. ಸೊಸೆಯ ಪಾತ್ರದವಳು ಅದನ್ನು ಕೇಳುತ್ತ ಖಾಲಿ ಕೊಡವನ್ನು ಬಗಲಿಗೆ ಏರಿಸಿಕೊಂಡದ್ದನ್ನು ನೋಡಿ ಸುಮ್ಮನಾದರು.

ಧಾಟಿಯೂ ಮಾತಿನ ಏರಿಳಿತದಲ್ಲಿಯೇ ಇರುತ್ತದೆ. ಅವಳ ದನಿ ‘ಬಂದ್ರ’ದಲ್ಲಿ ತುಸು ಏರಿ ‘ಬರ್ಲಿ’ಯಲ್ಲಿ ಕೆಳಗೆ ಇಳಿದು ಕುಳಿತಿತ್ತು. ಮಧ್ಯಮದಿಂದ ಪಂಚಮಕ್ಕೆ ಏರಿ, ಅಲ್ಲಿಂದ ರಿಷಭಕ್ಕೆ ಇಳಿದು ಷಡ್ಜದಲ್ಲಿ ನಿಂತರೆ ಆ ಇಳಿತ ಸಿಗುತ್ತದೆ, ಮತ್ತು ಆ ಸ್ವರಗಳು ಕೈಹಿಡಿದು ವೃಂದಾವನಿ ಸಾರಂಗಕ್ಕೆ ಕರೆದೊಯ್ಯುತ್ತವೆ. ಸಾರಂಗ ಮಧ್ಯಾಹ್ನದ ರಾಗ, ಗಾಂಧಾರ, ಧೈವತಗಳಿಲ್ಲ, ಏರುವಾಗ ಶುದ್ಧ ನಿಷಾದ, ಇಳಿಯುವಾಗ ಕೋಮಲ. ಬಿಸಿಲಿನ ದೃಶ್ಯಕ್ಕೆ ಅದು ಸರಿಹೋಯಿತು ಎನ್ನುವುದಕ್ಕಿಂತ ಹೆಚ್ಚಿನ ಅನುಕೂಲ ಇನ್ನೊಂದಿತ್ತು. ಮಳೆಯ ರಾಗವಾದ ಮೇಘದಲ್ಲಿಯೂ ಸಾಮಾನ್ಯವಾಗಿ ಗಾಂಧಾರ, ಧೈವತಗಳಿರುವುದಿಲ್ಲ. ಅದು ಸಾರಂಗದ ಬಂಧುವೇ. ಹೀಗಾಗಿ ಕೊನೆಯ ಅಂಕದಲ್ಲಿ ಮಳೆ ಬೀಳುವಾಗ ಹೊಸ ಹಾಡು ಬರೆಯುವ ಬದಲು ಇದೇ ಪಲ್ಲವಿಯನ್ನು ಲಯ ತಗ್ಗಿಸಿ, ಶುದ್ಧ ನಿಷಾದವನ್ನು ಬಿಟ್ಟು, ರಿಷಭಕ್ಕೆ ಮಧ್ಯಮದ ಕಣ, ಅಂದರೆ ಒಂದು ಚಿಕ್ಕ ಸ್ಪರ್ಶ, ಕೊಟ್ಟು ತೂಗಿಸಿ ಹಾಡಿಸಿದೆವು. ರಾಗಗಳ ಜ್ಞಾನ ಹಾಡನ್ನು ಹುಟ್ಟಿಸುವುದಿಲ್ಲ ಎಂದು ವಾದಿಸುವ ನಾನು, ಹುಟ್ಟಿದ ಹಾಡನ್ನು ಬೆಳೆಸುವುದು ಅದೇ ಎಂಬುದನ್ನು ಒಪ್ಪುತ್ತೇನೆ.

ಮಾತನ್ನು ಕೇಳಿದ ತಕ್ಷಣ ದನಿಯಲ್ಲಿ ಇಟ್ಟುಕೊಳ್ಳಬೇಕು, ಬರೆದು ಇಟ್ಟರೆ ಸಾಲದು. ಬರೆಯುವ ಕೈಗೆ ಶಾಲೆಯ ಅಭ್ಯಾಸ ಇರುವುದರಿಂದ ಅದು ‘ಬಂದ್ರ’ವನ್ನು ತನಗೆ ಗೊತ್ತಿಲ್ಲದೆಯೇ ‘ಬಂದರೆ’ ಮಾಡಿಬಿಡುತ್ತದೆ, ಸಂಜೆ ಪೇಟಿಯ ಮುಂದೆ ಕೂತಾಗ ನಡೆ ಕೆಟ್ಟಿರುತ್ತದೆ, ಬೆಳಿಗ್ಗೆ ಅಷ್ಟು ಚೆಂದ ಕೇಳಿಸಿದ್ದು ಈಗ ಯಾಕೆ ಸಪ್ಪೆ ಎಂದು ತಿಳಿಯದೆ ಒದ್ದಾಡಬೇಕಾಗುತ್ತದೆ. ನನ್ನ ಮೊಬೈಲಿನಲ್ಲಿ ಇಂಥ ತುಣುಕುಗಳು ಬಹಳ ಇವೆ. ಬಹುಪಾಲು ಯಾವ ಕೆಲಸಕ್ಕೂ ಬಂದಿಲ್ಲ, ಅದರಲ್ಲಿ ಬೇಸರವೂ ಇಲ್ಲ.

ಹಳೆಯ ಹಾಡುಗಳು ಕೆಲಸದ ನಡೆಯಿಂದ ಹುಟ್ಟಿದವು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬೀಸುವ ಕಲ್ಲಿನ ಜೊತೆ ಬೆಳೆದ ತ್ರಿಪದಿಯಲ್ಲಿ ಹನ್ನೊಂದು ಗಣಗಳಿದ್ದು, ಆರನೆಯದೂ ಹತ್ತನೆಯದೂ ಚಿಕ್ಕದಾದ ಬ್ರಹ್ಮಗಣಗಳು, ಉಳಿದವು ವಿಷ್ಣುಗಣಗಳು. ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಹೇಳುವುದರಿಂದ ಮುಂದಿನ ಸಾಲನ್ನು ನೆನೆಸಿಕೊಳ್ಳಲು ಹಾಡುವವಳಿಗೆ ಪುರಸೊತ್ತು ಸಿಗುತ್ತದೆ. ಕಣದಲ್ಲಿ ತೆನೆ ತುಳಿಸುವಾಗ ಹಾಡುವ ಹಂತಿಪದಗಳಿಗೆ ಎತ್ತುಗಳ ಸುತ್ತು ಇತ್ತು. ಹಿಟ್ಟಿನ ಗಿರಣಿ, ಒಕ್ಕುವ ಯಂತ್ರಗಳು ಬಂದ ಮೇಲೆ ಆ ಸೆಲೆ ಬತ್ತಿತು ಎಂದು ವಿಚಾರಸಂಕಿರಣಗಳಲ್ಲಿ ನಿಟ್ಟುಸಿರು ಬಿಡುತ್ತಾರೆ. ಬೀಸುವ ಕಲ್ಲು ಮೂಲೆಗೆ ಸೇರಿದ್ದು ನಿಜ, ಅದನ್ನು ಬೀಸಿದ ಹೆಣ್ಣುಮಕ್ಕಳ ರಟ್ಟೆಗಳು ಅದಕ್ಕಾಗಿ ಮರುಗುತ್ತವೆ ಎಂದು ನನಗೆ ಅನ್ನಿಸುವುದಿಲ್ಲ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಬೆಳಗಿನ ಸವಾಲು, ಅಂದರೆ ಹರಾಜು, ಕೂಗುವವನ ದನಿಯನ್ನು, ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ ಹಿಂದಿನ ಸೀಟಿನ ಫೋನಿನ ಜಗಳವನ್ನು ಕಿವಿಗೊಟ್ಟು ಕೇಳಿದವರು ಸೆಲೆ ಬತ್ತಿತು ಎನ್ನಲಾರರು. ಸವಾಲಿನ ಕೂಗಿನಲ್ಲಿ ಒಂದೇ ಅಂಕಿ ಮತ್ತೆ ಮತ್ತೆ ಬಂದು, ಬೆಲೆ ಏರಿದ ಕಡೆ ಸ್ವರವೂ ಏರುತ್ತದೆ. ದಲ್ಲಾಳಿಯ ಪಾತ್ರಕ್ಕೆ ಬರೆದ ಒಂದು ಹಾಡಿನ ಪೂರ್ತಿ ಧಾಟಿಯನ್ನು ನಾನು ಅಲ್ಲಿಂದಲೇ ತಂದೆ.

ಹೊಸ ಯಂತ್ರ ಬಂದರೆ ಹಾಡು ಸಾಯುತ್ತದೆ ಎನ್ನುವವರಿಗೆ ನಮ್ಮ ಸೀಮೆಯಲ್ಲಿಯೇ ಒಂದು ಉತ್ತರವಿದೆ. ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಹುಟ್ಟಿ ಬಾಳಿದ, ಕಳಸದ ಗೋವಿಂದಭಟ್ಟರ ಶಿಷ್ಯರಾದ ಶರೀಫ ಸಾಹೇಬರು (1819–1889) ಕೋಳಿ, ಬಿದಿರು, ಮನೆಯ ಮಾಳಿಗೆಗಳನ್ನು ತತ್ವಪದಕ್ಕೆ ತಂದಂತೆ, ತಮ್ಮ ಕಾಲಕ್ಕೆ ಹೊಚ್ಚಹೊಸದಾಗಿದ್ದ ಗಿರಣಿಯನ್ನೂ ತಂದರು. ಆ ಪದಗಳನ್ನು ಇಂದಿಗೂ ಭಜನೆಯ ಮೇಳಗಳಲ್ಲಿ ಹಾಡುತ್ತಾರೆ. ಗಮನಿಸಬೇಕಾದದ್ದು, ಅವರು ತತ್ವದಿಂದ ಹೊರಟು ವಸ್ತುವನ್ನು ಹುಡುಕಿದ ಹಾಗೆ ಎಲ್ಲಿಯೂ ಕಾಣುವುದಿಲ್ಲ; ಕಣ್ಣೆದುರಿನ ವಸ್ತು ಮೊದಲು, ತತ್ವ ಆಮೇಲೆ.

ಇನ್ನೊಂದು ಪಾಠ ವಚನಗಾಯನದ್ದು. ವಚನಗಳಿಗೆ ಗೊತ್ತಾದ ಛಂದಸ್ಸಿಲ್ಲ, ಸಾಲುಗಳ ಉದ್ದ ಸಮನಾಗಿಲ್ಲ. ಹಾಗಿದ್ದರೂ ಮಲ್ಲಿಕಾರ್ಜುನ ಮನಸೂರ (1910–1992), ಬಸವರಾಜ ರಾಜಗುರುಗಳಂಥವರು ಅವನ್ನು ಹಾಡಿದಾಗ ಎಲ್ಲಿಯೂ ತುಂಡಾದಂತೆ ಕೇಳಿಸುವುದಿಲ್ಲ, ಏಕೆಂದರೆ ಅವರು ಉಸಿರು ತೆಗೆದುಕೊಳ್ಳುವುದು ಅರ್ಥ ನಿಲ್ಲುವ ಕಡೆಯಲ್ಲಿ. ಮಾತಿನ ಒಳಗಿನ ನಡೆಯನ್ನು ಹಿಡಿಯುವುದು ಹೇಗೆಂದು ಕೇಳುವ ಹುಡುಗರಿಗೆ ನಾನು ಛಂದಸ್ಸಿನ ಪುಸ್ತಕದ ಜೊತೆಗೆ ಆ ಧ್ವನಿಮುದ್ರಿಕೆಗಳನ್ನೂ ಕೊಡುತ್ತೇನೆ.

ಸಾಲು ಸಿಕ್ಕ ಮೇಲೆ ಉಳಿಯುವುದು ಹಾಡುವವರ ಗಂಟಲಿನ ಲೆಕ್ಕ, ಮತ್ತು ಇದನ್ನು ಕವಿಗಳು ಬಹಳ ಸಲ ಮರೆಯುತ್ತಾರೆ. ತಾರ ಷಡ್ಜದಲ್ಲಿ, ಅಂದರೆ ಮೇಲಿನ ‘ಸ’ದಲ್ಲಿ, ನಿಲ್ಲಬೇಕಾದ ಕಡೆ ‘ಇ’ಕಾರ ಬಂದರೆ ನಟಿಯ ದನಿ ಕಿರಿದಾಗುತ್ತದೆ; ‘ಆ’ಕಾರ ಬಂದರೆ ಬಾಯಿ ತೆರೆಯುತ್ತದೆ. ‘ಜಗಳ ಯಾಕ’ ಎಂಬಲ್ಲಿ ಎತ್ತರದ ಸ್ವರವನ್ನು ‘ಯಾ’ದ ಮೇಲೆಯೇ ಇಟ್ಟದ್ದು ಇದೇ ಕಾರಣಕ್ಕೆ. ಪದದ ಕೊನೆಯ ಹ್ರಸ್ವವನ್ನು ಎಳೆದರೆ ಕನ್ನಡದ ಕಿವಿ ಒಪ್ಪಿಕೊಳ್ಳುತ್ತದೆ, ಮೊದಲ ಹ್ರಸ್ವವನ್ನು ಎಳೆದರೆ ಒಪ್ಪುವುದಿಲ್ಲ, ಮನೆ ಮಾನೆಯಾಗಿ ಹೋಗುತ್ತದೆ. ಈಗೀಗ ಧಾಟಿ ಮೊದಲು ಕಳಿಸಿ ಅದಕ್ಕೆ ಪದ ತುಂಬಿಕೊಡಿ ಎನ್ನುವ ಕೆಲಸಗಳೇ ಹೆಚ್ಚು, ಅಲ್ಲಿ ಈ ಅಪಘಾತ ನಿತ್ಯ ನಡೆಯುತ್ತದೆ. ಅಂಥ ಕೆಲಸವನ್ನು ನಾನು ಬಿಡುವುದಿಲ್ಲ, ಮನೆ ನಡೆಯಬೇಕಲ್ಲ. ಆದರೆ ಧಾಟಿಯ ಮಾತ್ರೆಗಳನ್ನು ಎಣಿಸಿ, ಮೂರರದೋ ನಾಲ್ಕರದೋ, ಮೂರು-ನಾಲ್ಕು ಕೂಡಿ ಏಳರದೋ ಎಂದು ನೋಡಿ, ಅದೇ ಅಳತೆಯ ಆಡುಮಾತು ಮೊಬೈಲಿನಲ್ಲಿ ಇದೆಯೇ ಎಂದು ಮೊದಲು ಹುಡುಕುತ್ತೇನೆ. ಏಳರದಾದರೆ ರೂಪಕ ತಾಳಕ್ಕೆ ಹೊಂದುವ ಮಾತು ಬೇಕು, ಭಾಮಿನಿ ಷಟ್ಪದಿಯ ನಡೆ ಕಿವಿಯಲ್ಲಿದ್ದವರಿಗೆ ಅದು ಕಷ್ಟವಲ್ಲ.

ಜನಪದ ಧಾಟಿಯನ್ನು ಎತ್ತಿಕೊಂಡಾಗ ಹಾಗೆಂದು ಬರೆಯುವುದು ಹಳೆಯ ನಾಟಕ ಪುಸ್ತಕಗಳಲ್ಲಿ ರೂಢಿಯಾಗಿತ್ತು. ಪದದ ತಲೆಯ ಮೇಲೆ ರಾಗ, ತಾಳದ ಜೊತೆ ಯಾವ ಧಾಟಿ ಎಂಬುದೂ ಅಚ್ಚಾಗಿರುತ್ತಿತ್ತು. ಯೂಟ್ಯೂಬಿಗೆ ಹಾಡು ಏರಿಸುವವರು ಈ ರೂಢಿಯನ್ನು ಬಿಟ್ಟಿದ್ದಾರೆ, ಬಿಡಬಾರದಿತ್ತು. ನಮ್ಮ ಸ್ವಂತ ರಚನೆಯ ವಿಚಾರದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆ ಪದವನ್ನು ಸಾಹಿತ್ಯ ಕೃತಿ ಎಂದೂ ಧಾಟಿಯನ್ನು ಸಂಗೀತ ಕೃತಿ ಎಂದೂ ಬೇರೆಬೇರೆಯಾಗಿ ನೋಡುತ್ತದೆ. ಧ್ವನಿಮುದ್ರಣ ಮತ್ತು ಚಲನಚಿತ್ರಗಳಲ್ಲಿ ಸೇರಿದ ಕೃತಿಗಳಿಗೆ ಬರಬೇಕಾದ ರಾಯಲ್ಟಿಯ ಪಾಲನ್ನು ಬರೆದವರಿಂದ ಬಿಡಿಸಿ ಬರೆಸಿಕೊಳ್ಳುವುದನ್ನು 2012ರ ತಿದ್ದುಪಡಿ ತಡೆದಿದೆ. ಆದ್ದರಿಂದ ಎರಡೂ ಕೆಲಸ ಮಾಡುವ ನನ್ನಂಥವರು ಕರಾರಿನಲ್ಲಿ ಪದಕ್ಕೆ ಒಂದು ಕಲಮು, ಧಾಟಿಗೆ ಒಂದು ಕಲಮು ಬರೆಸಬೇಕು, ಮತ್ತು ಆ ಹಾಳೆಯ ಒಂದು ಪ್ರತಿಯನ್ನು ತಾಲೀಮು ಆರಂಭವಾಗುವ ಮುನ್ನವೇ ಸಹಿ ಮಾಡಿಸಿ ಕೈಗೆ ತೆಗೆದುಕೊಳ್ಳಬೇಕು.