ಮಗುವಿನ ಜೊತೆ ಕೊಡಗಿನಲ್ಲಿ ಮನೆ ಮಾಡಬೇಕೆಂದರೆ ಮಳೆಗಾಲದಲ್ಲೇ ಊರು ನೋಡಿ

ಕೊಡಗಿನಲ್ಲಿ ಮನೆ ಮಾಡಬೇಕು ಎಂದುಕೊಂಡವರಲ್ಲಿ ಹೆಚ್ಚಿನವರು ಡಿಸೆಂಬರ್, ಜನವರಿಯಲ್ಲಿ ಊರು ನೋಡಲು ಹೋಗುತ್ತಾರೆ. ಹಿತವಾದ ಬಿಸಿಲು, ಗಿಡದ ತುಂಬ ಕೆಂಪು ಕಾಫಿ ಹಣ್ಣು, ಬೆಳಿಗ್ಗೆ ಒಂದಿಷ್ಟು ಮಂಜು. ಆಗ ಯಾವ ಊರಿಗೆ ಹೋದರೂ ಇಲ್ಲೇ ಇದ್ದುಬಿಡೋಣ ಅನಿಸುತ್ತದೆ. ದಯವಿಟ್ಟು ಜುಲೈನಲ್ಲಿ ಹೋಗಿ. ಮಗುವನ್ನೂ ಕರೆದುಕೊಂಡು ಹೋಗಿ. ತೋಟದ ನಡುವಿನ ಹೋಂಸ್ಟೇ ಬೇಡ, ಪೇಟೆಯೊಳಗಿನ ಸಾದಾ ಲಾಡ್ಜಿನಲ್ಲಿ ಉಳಿದುಕೊಳ್ಳಿ. ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ, ಸಂಜೆ ಶಾಲೆ ಬಿಡುವ ಹೊತ್ತಿಗೆ ಮಗುವಿನ ಕೈ ಹಿಡಿದು ಬೀದಿಗೆ ಇಳಿಯಿರಿ. ನಮಗೆ ಊರು ಸಿಕ್ಕಿದ್ದು ಹಾಗೆ.

ನಾವು ಮೈಸೂರಿನವರು. ಯಜಮಾನರೂ ನಾನೂ ಮನೆಯಿಂದಲೇ ಕೆಲಸ ಮಾಡುತ್ತೇವೆ. ಮಗಳಿಗೆ ಒಂದನೇ ಕ್ಲಾಸಿಗೆ ಸೇರುವ ವಯಸ್ಸು. ನಾವು ಹುಡುಕುತ್ತಿದ್ದದ್ದು ಹಳೇ ಪೇಟೆ ಇರುವ ಸಣ್ಣ ಊರು. ಚರಿತ್ರೆ ಅಂದರೆ ನಮಗಿಬ್ಬರಿಗೂ ಇಷ್ಟ, ಅದು ಹೌದು. ಆದರೆ ಹಳೇ ಪೇಟೆಯೇ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇತ್ತು. ಹಿಂದೆ ಕೊಡಗನ್ನು ಆಳಿದ ಹಾಲೇರಿ ರಾಜರು ಈ ಪೇಟೆಗಳನ್ನು ಕಟ್ಟಿಸಿದ ಕಾಲದಲ್ಲಿ ಜನ ನಡೆದೇ ಓಡಾಡುತ್ತಿದ್ದರು. ಹಾಗಾಗಿ ಅಂಗಡಿ, ಗುಡಿ, ಚೌಕಿ, ಸಂತೆ ಎಲ್ಲ ಒಂದಕ್ಕೊಂದು ಹತ್ತಿರ. ಆರು ವರ್ಷದ ಮಗು ಸುಸ್ತಾಗದೆ ಇಡೀ ಪೇಟೆ ಸುತ್ತಬಹುದು. ಶಾಲೆಗೆ ವ್ಯಾನು ಬೇಡ. ಜ್ವರ ಬಂದರೆ ಡಾಕ್ಟರ ಹತ್ತಿರ ನಡೆದೇ ಹೋಗಬಹುದು. ಈಗಿನ ಬಡಾವಣೆಗಳಲ್ಲಿ ಇದು ಸಿಗುವುದಿಲ್ಲ.

ಮೊದಲು ಮಡಿಕೇರಿ ನೋಡಿದೆವು. 1681ರಲ್ಲಿ ಮುದ್ದುರಾಜ ಕಟ್ಟಿಸಿದ ಊರು, ಅದಕ್ಕೇ ಮುದ್ದುರಾಜಕೇರಿ. ಕೋಟೆ, ಅರಮನೆ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ, ರಾಜರ ಗದ್ದಿಗೆ ಎಲ್ಲವೂ ಪೇಟೆಗೆ ಅಂಟಿಕೊಂಡೇ ಇವೆ. ಕೋಟೆಯೊಳಗಿನ ಕಲ್ಲಿನಂತೆ ಕಾಣುವ ಎರಡು ಆನೆಗಳು ಗಾರೆಯವು, ನಿಜವಾದ ಆನೆಯಷ್ಟೇ ದೊಡ್ಡವು. ಮಗಳು ಅದರ ಕಾಲು ಮುಟ್ಟಿ ನೋಡಿ, ಸೊಂಡಿಲು ಎಲ್ಲಿಯವರೆಗೆ ಇದೆ ಅಂತ ಕೊಡೆಯಲ್ಲಿ ಅಳೆಯುತ್ತಾ ನಿಂತಳು. ಪಕ್ಕದಲ್ಲೇ 1855ರ ಇಂಗ್ಲಿಷರ ಚರ್ಚು, ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ‘ಸನ್ನಿಸೈಡ್’ ಮನೆಯೂ 2021ರಿಂದ ಮ್ಯೂಸಿಯಂ ಆಗಿದೆ. ಶನಿವಾರ ಮಧ್ಯಾಹ್ನ ಮಗುವನ್ನು ಎಲ್ಲಿಗೆ ಕರೆದೊಯ್ಯಲಿ ಅನ್ನುವ ಚಿಂತೆಯೇ ಇಲ್ಲದ ಊರು ಇದು.

ಜಿಲ್ಲಾ ಕೇಂದ್ರ ಅನ್ನುವ ಅನುಕೂಲವೂ ಇದೆ. ಮೆಡಿಕಲ್ ಕಾಲೇಜಿಗೆ ಸೇರಿದ ಜಿಲ್ಲಾ ಆಸ್ಪತ್ರೆ, ಕೇಂದ್ರೀಯ ವಿದ್ಯಾಲಯ, ಒಳ್ಳೆಯ ಗ್ರಂಥಾಲಯ, ಮೈಸೂರು ಮಂಗಳೂರು ಎರಡೂ ಕಡೆಗೆ ಬಸ್ಸು. ಮಕ್ಕಳ ಖಾಯಿಲೆಯ ಭಯ ಜಾಸ್ತಿ ಇರುವವರು, ಪದೇ ಪದೇ ಸ್ಪೆಷಲಿಸ್ಟ್ ಹತ್ತಿರ ಹೋಗಬೇಕಾದವರು ಬೇರೆ ಯೋಚನೆ ಮಾಡದೆ ಮಡಿಕೇರಿ ಆರಿಸಿಕೊಳ್ಳಿ.

ನಮಗೆ ತೊಡಕಾದದ್ದು ಎರಡು ವಿಷಯ. ಒಂದು, ಶನಿವಾರ ಭಾನುವಾರದ ಪ್ರವಾಸಿಗಳ ಗಾಡಿ. ರಾಜಾಸೀಟ್ ರಸ್ತೆಯಲ್ಲಿ ಮಗುವಿನ ಜೊತೆ ನಡೆಯುವುದೇ ಕಷ್ಟ. ಚೆನ್ನಾಗಿರುವ ಮನೆ ಖಾಲಿಯಾದರೆ ಬಾಡಿಗೆಗಿಂತ ಹೋಂಸ್ಟೇ ಮಾಡಿದರೆ ಲಾಭ ಅಂತ ಓನರ್‌ಗಳೇ ಬಾಯಿಬಿಟ್ಟು ಹೇಳಿದರು. ಇನ್ನೊಂದು, ಬರೆ.

ಈ ಬರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗುಡ್ಡವನ್ನು ನೇರವಾಗಿ ಕಡಿದು ಮನೆಗೋ ರಸ್ತೆಗೋ ಜಾಗ ಮಾಡಿದಾಗ ಹಿಂದೆ ಉಳಿಯುತ್ತದಲ್ಲ ಮಣ್ಣಿನ ಗೋಡೆ, ಅದೇ ಬರೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿನಗರ, ಮಂಗಳಾದೇವಿನಗರದ ಕಡೆ ಇಳಿಜಾರಿನ ಮನೆಗಳು ಕುಸಿದವು. ಊರಿನ ಹೊರಗೆ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು, ಸಂಪಾಜೆಯ ಹೆದ್ದಾರಿ ಬಂದ್ ಆಯಿತು. ವಿಪರೀತ ಮಳೆಯ ಜೊತೆಗೆ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದೂ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ಹಾಗಾಗಿ ಮನೆ ಹುಡುಕುವಾಗ ನಾವು ಒಂದು ಪಟ್ಟು ಹಿಡಿದೆವು. ಮನೆಯ ಹಿಂದೆ ಕಡಿದ ಬರೆ ಇದ್ದರೆ ಬೇಡ, ಮುಂದೆ ಆಳವಾದ ಇಳಿಜಾರಿದ್ದರೂ ಬೇಡ. ಎಷ್ಟೇ ಒಳ್ಳೆಯ ನೋಟ ಇರಲಿ. ಮಳೆಗಾಲದಲ್ಲಿ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಬರೆಯಿಂದ ಕೆಸರು ನೀರು ಒಸರುತ್ತಿದೆಯೇ, ಅಂಗಳದಲ್ಲಿ ಬಿರುಕು ಇದೆಯೇ, ಕಾಂಪೌಂಡ್ ಗೋಡೆ ಹೊಟ್ಟೆ ಉಬ್ಬಿಸಿಕೊಂಡಿದೆಯೇ ನೋಡಿ. ಬೇಸಿಗೆಯಲ್ಲಿ ಸುಣ್ಣ ಬಣ್ಣ ಹೊಡೆಸಿಟ್ಟರೆ ಇದ್ಯಾವುದೂ ಗೊತ್ತಾಗಲ್ಲ. ಅಕ್ಕಪಕ್ಕದವರನ್ನು ‘2018ರಲ್ಲಿ, 2019ರಲ್ಲಿ ಇಲ್ಲಿ ಏನಾಯ್ತು’ ಅಂತ ನೇರವಾಗಿ ಕೇಳಿ. ಮರೆತವರು ಯಾರೂ ಇಲ್ಲ, ಹೇಳುತ್ತಾರೆ.

ಮಡಿಕೇರಿಯಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ಹೋದರೆ ವಿರಾಜಪೇಟೆ. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಪೇಟೆ. ಸಂತ ಅನ್ನಮ್ಮ ಚರ್ಚಿನ ಬೇರೂ ಅದೇ ವರ್ಷದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ರಾಜ ಇಲ್ಲಿ ಜಾಗ ಕೊಟ್ಟ. ತೆಲುಗರ ಬೀದಿ, ಜೈನರ ಬೀದಿ, ಪಂಜರಪೇಟೆ, ಮೀನುಪೇಟೆ, ದೊಡ್ಡಟ್ಟಿ ಚೌಕಿ ಅಂತ ಹೆಸರುಗಳು ಕೇಳಿದರೇ ಗೊತ್ತಾಗುತ್ತದೆ, ಬೇರೆ ಬೇರೆ ಕಡೆಯಿಂದ ಬಂದವರು ಸೇರಿ ಆದ ಊರು ಇದು. ಹೊರಗಿನಿಂದ ಬರುವ ಮಗುವಿಗೆ ಇದು ದೊಡ್ಡ ಅನುಕೂಲ. ಗಡಿಯಾರ ಕಂಬದ ಹತ್ತಿರ ಹತ್ತು ನಿಮಿಷ ನಿಂತರೆ ಕನ್ನಡ, ಕೊಡವ ತಕ್ಕ್, ಮಲಯಾಳ, ಬ್ಯಾರಿ ಎಲ್ಲ ಕಿವಿಗೆ ಬೀಳುತ್ತವೆ. ಯಾರೂ ನಮ್ಮನ್ನು ತಿರುಗಿ ತಿರುಗಿ ನೋಡಲಿಲ್ಲ.

ಬುಧವಾರ ಇಲ್ಲಿ ಸಂತೆ. ಸಂತೆಗೆ ಮಗುವನ್ನು ಕರೆದುಕೊಂಡು ಹೋಗಿ. ಮಳೆಗಾಲವಾದರೆ ಕಣಿಲೆ (ಎಳೆ ಬಿದಿರು) ಬಂದಿರುತ್ತದೆ, ಕೆಸ, ಅಣಬೆ ಬಂದಿರುತ್ತದೆ. ಊರಿನವರು ಏನು ತಿನ್ನುತ್ತಾರೆ, ತರಕಾರಿ ಏನು ರೇಟು, ಮೀನು ಎಲ್ಲಿಂದ ಬರುತ್ತದೆ ಎಲ್ಲ ಅಲ್ಲೇ ತಿಳಿಯುತ್ತದೆ. ಸಂತೆಯಲ್ಲಿ ಕೇಳಿದರೆ ಬಾಡಿಗೆ ಮನೆಯ ಸುದ್ದಿಯೂ ಸಿಗುತ್ತದೆ. ನಮಗೆ ಹಾಗೇ ಸಿಕ್ಕಿತು. ಸೊಪ್ಪು ಮಾರುತ್ತಿದ್ದವರೊಬ್ಬರು, ‘ಆ ಬೀದಿಯಲ್ಲಿ ಅಜ್ಜಿ ಒಬ್ಬರೇ ಇದ್ದಾರೆ ಅಕ್ಕ, ಹಿಂದಿನ ಮನೆ ಖಾಲಿ ಇದೆ’ ಅಂದರು.

ಹಂಚಿನ ಮನೆ, ಕೆಂಪು ನೆಲ. ನಾನು ಹೋದವಳೇ ಅಡುಗೆಮನೆ ನೋಡಲು ಹೊರಟೆ. ಅಜ್ಜಿ ತಡೆದು, ‘ಅಡುಗೆಮನೆ ಎಲ್ಲಿ ಹೋಗ್ತದೆ ಮಗಳೇ, ಮೊದಲು ಬಚ್ಚಲು ನೋಡು’ ಅಂದರು. ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ಸೌದೆ ಒಲೆ. ಹಂಡೆಯ ಮೇಲೆ ಆಳೆತ್ತರದಲ್ಲಿ ಉದ್ದಕ್ಕೆ ಬಿದಿರಿನ ಗಳು ಕಟ್ಟಿದ್ದರು. ಗಳುವಿನ ಮೇಲೆ ಸೀರೆ, ಟವೆಲ್ಲು, ಮೊಮ್ಮಗನ ಯೂನಿಫಾರ್ಮ್ ಹರಡಿತ್ತು. ‘ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗೋದು ಇಲ್ಲೇ. ಕರೆಂಟು ಇರ್ಲಿ ಬಿಡ್ಲಿ, ಮಗುಗೆ ಬಿಸಿನೀರು ಬೇಕಲ್ವಾ’ ಅಂದರು. ಯೂನಿಫಾರ್ಮಿನ ಕಾಲರ್ ಮುಟ್ಟಿ ನೋಡಿದೆ, ಬೆಚ್ಚಗೆ ಗರಿಗರಿಯಾಗಿತ್ತು. ಅದೇ ವಾರ ನೋಡಿದ್ದ ಹೊಸ ಮನೆಯೊಂದರಲ್ಲಿ ಗೀಸರ್, ಟೈಲ್ಸ್ ಎಲ್ಲ ಇತ್ತು, ಆದರೆ ವಾರ್ಡ್‌ರೋಬ್ ಬಾಗಿಲು ತೆಗೆದರೆ ಒಳಗೆಲ್ಲ ಬೂಷ್ಟು. ಹೀಗಾಗಿ ನೀವೂ ಮನೆ ನೋಡುವಾಗ ಮೊದಲು ಬಚ್ಚಲು ನೋಡಿ. ಆಮೇಲೆ ಗೋಡೆಯ ಬುಡ, ಕಪಾಟಿನ ಒಳಗೆ. ಮಗುವಿಗೆ ಗೊರಗೊರ, ಕೆಮ್ಮು ಇದ್ದರೆ ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ.

ವಿರಾಜಪೇಟೆಯಲ್ಲಿ ಎಲ್ಲವೂ ಸರಿ ಅಂತಲ್ಲ. 2019ರಲ್ಲಿ ಇಲ್ಲಿನ ಅಯ್ಯಪ್ಪ ಬೆಟ್ಟದಲ್ಲಿ ಬಿರುಕು ಬಿಟ್ಟು ಜನರನ್ನು ಸ್ಥಳಾಂತರಿಸಿದ್ದರು. ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದು ಜೀವ ಹೋಗಿತ್ತು. ಬೆಟ್ಟದ ಬುಡದ ಮನೆಗಳನ್ನು ನಾವು ನೋಡಲೇ ಇಲ್ಲ. ತಾಲ್ಲೂಕು ಆಸ್ಪತ್ರೆ ಇದೆ, ಸಣ್ಣಪುಟ್ಟದ್ದಕ್ಕೆ ಸಾಕು. ದೊಡ್ಡ ತೊಂದರೆಗೆ ಮಡಿಕೇರಿ, ಇಲ್ಲದಿದ್ದರೆ ಮೈಸೂರು. ಮೈಸೂರಿಗೆ ಗೋಣಿಕೊಪ್ಪ, ಹುಣಸೂರು ದಾಟಿ ನೂರು ಕಿ.ಮೀ.ಗೂ ಜಾಸ್ತಿ. ಆ ಕಡೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ಸುಮಾರು 60 ಕಿ.ಮೀ., ಆದರೆ ಮಳೆಗಾಲದಲ್ಲಿ ಆ ಘಾಟಿಯನ್ನು ನೆಚ್ಚಿಕೊಳ್ಳಬೇಡಿ. ಕೊಡಗಿನಲ್ಲಿ ರೈಲು ಎಲ್ಲೂ ಇಲ್ಲ.

ಶಾಲೆಯ ಬಗ್ಗೆ. ಹೆಸರು, ಫೀಸು ಎಲ್ಲ ಫೋನಿನಲ್ಲೇ ವಿಚಾರಿಸಬಹುದು. ಖುದ್ದು ಹೋಗಿ ನೋಡಬೇಕಾದದ್ದು ಬೇರೆ. ಮಳೆ ಸುರಿಯುವಾಗ ಕೊಡೆಗಳನ್ನು ಎಲ್ಲಿಡುತ್ತಾರೆ? ಒದ್ದೆಯಾದ ಸಾಕ್ಸಿನಲ್ಲೇ ಮಕ್ಕಳು ಸಂಜೆಯವರೆಗೆ ಕೂರುತ್ತಾರಾ? ಕ್ಲಾಸಿನಲ್ಲಿ ಬೆಳಕು ಸಾಕಷ್ಟಿದೆಯಾ? ಒಂದು ಶಾಲೆಯ ಜಗಲಿಯಲ್ಲಿ ಗೋಡೆಗೆ ಉದ್ದಕ್ಕೂ ಮೊಳೆ ಹೊಡೆದು ರೈನ್‌ಕೋಟುಗಳನ್ನು ನೇತುಹಾಕಿದ್ದರು, ಕೆಳಗೆ ಸಾಲಾಗಿ ಚಪ್ಪಲಿ. ಟೀಚರು ಮಕ್ಕಳಿಗೆ ಇನ್ನೊಂದು ಜೊತೆ ಸಾಕ್ಸ್ ಬ್ಯಾಗಲ್ಲಿ ಕಳಿಸಿ ಅಂತ ಮೊದಲ ದಿನವೇ ಹೇಳುತ್ತಾರಂತೆ. ಅಲ್ಲಿಗೇ ಸೇರಿಸುವುದೆಂದು ನಾವು ಆಗಲೇ ತೀರ್ಮಾನಿಸಿದೆವು. ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಕೆಲವೊಮ್ಮೆ ಹಿಂದಿನ ರಾತ್ರಿ ಹೇಳುತ್ತಾರೆ. ಇಬ್ಬರೂ ಹೊರಗೆ ದುಡಿಯುವವರಾದರೆ ಅಂಥ ದಿನ ಮಗುವನ್ನು ನೋಡಿಕೊಳ್ಳುವವರು ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಬೇರೆ ಶಾಲೆಯಿಂದ ಬರುವ ಮಗುವಾದರೆ ಟಿ.ಸಿ., ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ನಂಬರ್) ಮರೆಯಬೇಡಿ. ಮುಂದೆ ಆರನೇ ಕ್ಲಾಸಿಗೆ ಬರೆಯಬಹುದಾದ ಎರಡು ಪ್ರವೇಶ ಪರೀಕ್ಷೆಗಳಿವೆ, ಗಾಳಿಬೀಡಿನ ನವೋದಯ ಮತ್ತು ಕೂಡಿಗೆಯ ಸೈನಿಕ ಶಾಲೆಯವು. ಎರಡೂ ವಸತಿ ಶಾಲೆ.

ಉಳಿದ ಊರುಗಳನ್ನು ನಾವು ಅಷ್ಟು ಆಳವಾಗಿ ನೋಡಲಿಲ್ಲ. ಕುಶಾಲನಗರ ಸಮತಟ್ಟು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿ.ಮೀ.ಗೂ ಜಾಸ್ತಿ, ಅಂದರೆ ಇಲ್ಲಿಯವರ ಲೆಕ್ಕದಲ್ಲಿ ಸುಮಾರು 120 ಇಂಚು ಮಳೆಯಾದರೆ ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಮೈಸೂರಿಗೂ ಹತ್ತಿರ. ಮಳೆ ಬೇಡ ಅನ್ನುವವರಿಗೆ ಒಳ್ಳೆಯದೇ, ಆದರೆ 2018, 2019ರಲ್ಲಿ ಕಾವೇರಿ ಉಕ್ಕಿ ಹೊಳೆಬದಿಯ ಬಡಾವಣೆಗಳಿಗೆ ನೀರು ನುಗ್ಗಿತ್ತು. ಹೊಳೆಯಿಂದ ದೂರ, ಎತ್ತರದಲ್ಲಿರುವ ಬೀದಿ ಹುಡುಕಿ. ಗೋಣಿಕೊಪ್ಪ, ಪೊನ್ನಂಪೇಟೆ ಎರಡೂ ಹಾಕಿ ಆಟ ಆಡುವ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಸೋಮವಾರಪೇಟೆ ಚೆಂದ, ಆದರೆ ನಮಗೆ ಮೈಸೂರಿನ ನಂಟು ದೂರವಾಯಿತು.

ತೋಟದೊಳಗೆ ಮನೆ ಮಾಡುವ ಆಸೆ ಯಾರಿಗಿರಲ್ಲ! ನಮಗೂ ಇತ್ತು. ಆದರೆ ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆ ಆನೆಗಳು ತೋಟಗಳಲ್ಲೇ ಬೀಡುಬಿಟ್ಟಿರುತ್ತವೆ. ಮಗು ಬೆಳಿಗ್ಗೆ ಮಂಜಿನಲ್ಲಿ ತೋಟದ ದಾರಿಯಲ್ಲಿ ಶಾಲೆಗೆ ನಡೆಯುವಂತಿಲ್ಲ. ಪೇಟೆಯಲ್ಲಿ ಆ ಭಯ ತುಂಬ ಕಡಿಮೆ.

ಜಾಗ ಕೊಳ್ಳುವ ಮಾತು ಮೊದಲ ವರ್ಷ ಎತ್ತಲೇಬೇಡಿ. ಜಮ್ಮ ಹಿಡುವಳಿ (ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಜಮೀನು), ಬಾಣೆ (ಗದ್ದೆಗೆ ಸೇರಿದ ಕಾಡು ಜಾಗ), ಒಂದೇ ಪಹಣಿಯಲ್ಲಿ ಮನೆತನದ ಹತ್ತಾರು ಜನರ ಹೆಸರು, ಇವೆಲ್ಲ ಕೊಡಗಿಗೇ ವಿಶೇಷ. ಇಲ್ಲಿನ ಕಾಗದಪತ್ರ ಚೆನ್ನಾಗಿ ಬಲ್ಲ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮಾಡಿಕೊಂಡು ಒಂದು ಪೂರ್ತಿ ಮಳೆಗಾಲ ಕಳೆಯಿರಿ. ಮಗುವಿಗೆ ಹಿಡಿಸಿತೇ, ನಿಮಗೆ ಹಿಡಿಸಿತೇ ಅಷ್ಟರಲ್ಲಿ ಗೊತ್ತಾಗುತ್ತದೆ. ಗೌರಿ ಗಣೇಶ ಹಬ್ಬದ ವಿಸರ್ಜನೆಯ ರಾತ್ರಿ ವಿರಾಜಪೇಟೆ, ವಿಜಯದಶಮಿಯ ರಾತ್ರಿ ಮಡಿಕೇರಿಯ ದಶಮಂಟಪ (ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ), ಆಮೇಲೆ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ, ಅಷ್ಟರಲ್ಲಿ ಬೀದಿಯ ಎಲ್ಲರ ಪರಿಚಯ ಆಗಿರುತ್ತದೆ.

ಜುಲೈನಲ್ಲಿ ಹೊರಡುವವರಿಗೆ ಇನ್ನೆರಡು ಮಾತು. ರೆಡ್ ಅಲರ್ಟ್ ಕೊಟ್ಟ ದಿನ ಹೊರಡಬೇಡಿ, ಹೋದಮೇಲೆ ಕೊಟ್ಟರೆ ಪೇಟೆ ಬಿಟ್ಟು ಅಲ್ಲಾಡಬೇಡಿ. ಮಗುವಿಗೆ ಗಂಬೂಟು, ಉದ್ದ ಸಾಕ್ಸ್ ಇರಲಿ. ಹುಲ್ಲಿನಲ್ಲಿ ಆಡಿದರೆ ಜಿಗಣೆ ಹತ್ತುತ್ತದೆ, ಉಪ್ಪು ಹಾಕಿದರೆ ಬಿಡುತ್ತದೆ, ಗಾಬರಿಯಾಗಬೇಡಿ. ಮನೆಯಿಂದ ಕೆಲಸ ಮಾಡುವವರು ನೋಡಿದ ಮನೆಯಲ್ಲಿ ಮಳೆ ಬರುವಾಗಲೇ ಫೋನ್ ಸಿಗ್ನಲ್ ನೋಡಿ. ಕರೆಂಟು ಹೋಗಿ ಹೊತ್ತಾದರೆ ಟವರೂ ಹೋಗುತ್ತದೆ. ಇನ್ವರ್ಟರ್ ಜೊತೆಗೆ ಎರಡು ಬೇರೆ ಬೇರೆ ಕಂಪನಿಯ ಸಂಪರ್ಕ ಇಟ್ಟುಕೊಳ್ಳಿ.

ಸಾಮಾನು ಸಾಗಿಸುವುದು ಮಾತ್ರ ಏಪ್ರಿಲ್, ಮೇ ತಿಂಗಳಲ್ಲಿ ಮುಗಿಸಿ. ಶಾಲೆಯೂ ಆಗಲೇ ಶುರುವಾಗುವುದು. ಲಾರಿಯಿಂದ ಮಂಚ, ಬೀರು ಇಳಿಸಿದ ಮಾರನೇ ದಿನವೇ ಸೌದೆಗೆ ಹೇಳಿಬಿಡಿ. ಜೂನ್ ಬಂತೆಂದರೆ ಒಣ ಸೌದೆ ಎಷ್ಟು ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ತಂದ ಸೌದೆಯನ್ನು ನೆಲಕ್ಕೆ ತಾಗದ ಹಾಗೆ ಎರಡು ಹಲಗೆ ಹಾಕಿ ಅದರ ಮೇಲೆ, ಹೆಂಚಿನ ಮಾಡಿನ ಕೆಳಗೆ ಒಟ್ಟಿಸಿ.