ಮಾವನ ಹೊಲ, ನೈಟ್ ವಿಷನ್ನು ಮತ್ತು ಬದುವಿನ ಆಚೆಯವನು

ಜಗಳೂರು ಕಡೆ ನಮ್ಮ ಮಾವನ ಮೆಕ್ಕೆಜೋಳ ತೆನೆ ಕಟ್ಟಿದೆ, ಹಂದಿ ಕಾಟ ಶುರುವಾಗಿದೆ. ಗುಂಡು ಹೊಡೆಯೋ ಮಾತೇ ಇಲ್ಲ ಬಿಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಆ ಕಡೆಗೆ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಬೇರೆ. ನಮ್ಮ ಶೂಟಿಂಗ್ ಏನಿದ್ರೂ ವಿಡಿಯೋ. ಪರಿಹಾರದ ಅರ್ಜಿ ಜೊತೆ ಹಂದಿ ತಿನ್ನೋ ವಿಡಿಯೋನೂ ಇಟ್ರೆ ಯಾರೂ ಕೊಂಕು ತೆಗೆಯಲ್ಲ ಅಂತ ಮಾವನ ಲೆಕ್ಕ. ಅದಕ್ಕೇ ಫ್ರೆಂಡ್ ಹತ್ರ ಇದ್ದ ಡಿಜಿಟಲ್ ನೈಟ್ ವಿಷನ್, ಅಂದ್ರೆ ಕತ್ತಲಲ್ಲಿ ನೋಡೋ, ರೆಕಾರ್ಡ್ ಮಾಡೋ ದುರ್ಬೀನು, ಇಸ್ಕೊಂಡು ಈ ವಾರ ದಾವಣಗೆರೆಯಿಂದ ಹೋಗಿದ್ದೆ.

ಆನ್ ಮಾಡಿ ನೋಡೋದು ಅಷ್ಟೇ ಅಂದ್ಕೊಂಡ್ರೆ ಆಗಲ್ಲ ಅದು. ಮೊದಲು ಕಣ್ಣಿನ ಹತ್ರ ಇರೋ ರಿಂಗ್ ತಿರುಗಿಸಿ ಸ್ಕ್ರೀನ್ ಮೇಲಿನ ಅಕ್ಷರ ನಮ್ಮ ಕಣ್ಣಿಗೆ ಚೂಪಾಗಿ ಕಾಣೋ ಹಾಗೆ ಮಾಡ್ಕೋಬೇಕು, ಆಮೇಲೆ ಮುಂದಿನ ಲೆನ್ಸ್ ಫೋಕಸ್ಸು, ಇದನ್ನ ಉಲ್ಟಾ ಮಾಡಿದ್ರೆ ರಾತ್ರಿಯೆಲ್ಲಾ ರಿಂಗ್ ತಿರುಗಿಸ್ತಾ ಕೂರೋದೇ ಕೆಲಸ. ಕತ್ತಲಲ್ಲಿ ಅದಕ್ಕೆ ಬೆಳಕು ಕೊಡೋ ಇನ್ಫ್ರಾರೆಡ್ ಟಾರ್ಚಲ್ಲಿ ಎರಡು ಥರ, 850 ನ್ಯಾನೋಮೀಟರ್‌ದು ದೂರ ಹೋಗುತ್ತೆ ಆದ್ರೆ ಎದುರಿಂದ ನೋಡಿದೋರಿಗೆ ಸಣ್ಣ ಕೆಂಪು ಚುಕ್ಕಿ ಕಾಣುತ್ತೆ, 940ರದ್ದು ಕಾಣಲ್ಲ, ದೂರಾನೂ ಹೋಗಲ್ಲ. ನಮ್ಮದು 850. ಅಟ್ಟಣಿಗೆಗೆ ತಾಗಿಕೊಂಡಿದ್ದ ಜೋಳದ ಗರಿಗೆ ಆ ಬೆಳಕು ಬಡಿದು ಸ್ಕ್ರೀನೆಲ್ಲಾ ಬೆಳ್ಳಗಾಯ್ತು, ಮಾವ ಕುಡುಗೋಲು ತಗೊಂಡು ನಾಲ್ಕು ಗರಿ ಕೊಯ್ದ ಮೇಲೆ ಹೊಲ ಕಾಣಿಸ್ತು. ಇನ್ನೊಂದು, ನೋಡಿದ ಕಣ್ಣನ್ನ ಸ್ಕ್ರೀನಿಂದ ತೆಗೆದ ತಕ್ಷಣ ಆ ಕಣ್ಣಿಗೆ ಕತ್ತಲೆ ಬಿಟ್ಟು ಏನೂ ಇಲ್ಲ, ಮತ್ತೆ ಹೊಂದ್ಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಏಣಿ ಇಳಿಯೋದಿದ್ರೆ ಇನ್ನೊಂದು ಕಣ್ಣಿಗೆ ಸ್ಕ್ರೀನ್ ಬೆಳಕು ಬೀಳದ ಹಾಗೆ ಕಾಪಾಡ್ಕೊಳ್ಳಿ.

ಮಾವ ಮಿಂಚೋ ಕಣ್ಣು ಹುಡುಕು ಅಂತಿದ್ದ. ನಾಯಿ, ದನದ ಕಣ್ಣಿನ ಹಿಂದೆ ಬೆಳಕನ್ನ ವಾಪಸ್ ಎಸೆಯೋ ಪದರ ಇರುತ್ತೆ, ಹಂದಿಗೆ ಅದಿಲ್ಲ, ಅದರ ಕಣ್ಣು ನಾಯಿ ಕಣ್ಣಿನ ಥರ ಮಿಂಚಲ್ಲ. ಹೇಳಿದ್ರೆ ಕೇಳೋ ಪೈಕಿ ಅಲ್ಲ ನಮ್ಮ ಮಾವ. ಕೊನೆಗೆ ಮಿಂಚೋ ಎರಡು ಕಣ್ಣು ಸಿಕ್ಕೇ ಬಿಟ್ವು, ನೋಡಿದ್ರೆ ನಾಯಿ, ಹಿಂದೆ ಪಕ್ಕದ ಹೊಲದೋನು.

ಇವರಿಬ್ಬರಿಗೂ ಬದುವಿನ ಜಗಳ, ಮಾತಿಲ್ಲ ಕಥೆಯಿಲ್ಲ. ಹಂದಿನ ಬೇಕಂತ್ಲೇ ನಮ್ಮ ಹೊಲಕ್ಕೆ ಅಟ್ತಾನೆ ಅಂತ ಮಾವ ಹಬ್ಬಕ್ಕೆ ಬಂದಾಗೆಲ್ಲಾ ಹೇಳ್ತಾನೆ, ನಾವೂ ನಂಬಿದ್ವಿ. ಆವತ್ತು ಹಂದಿಗಳು ನುಗ್ಗಿದ್ದು ನಮ್ಮ ಮೂಲೆಗೇ. ಆ ಮನುಷ್ಯ ಬದು ದಾಟಿ ನಮ್ಮ ಹೊಲಕ್ಕಿಳಿದು ಎಣ್ಣೆ ಡಬ್ಬ ಬಡೀತಾ ಬಡೀತಾ ಅವನ್ನ ಹಳ್ಳದ ಕಡೆ ಓಡಿಸಿದ. ಆಮೇಲೆ ಬಗ್ಗಿ, ಹಂದಿ ಕಿತ್ತಿದ್ದ ನಮ್ಮ ಬೇಲಿ ತಂತಿನ ಎಳೆದು ಕಲ್ಲಿಗೆ ಸುತ್ತಿ, ಪಂಚೆಗೆ ಕೈ ಒರೆಸ್ಕೊಂಡು ಹೋದ. ಅಟ್ಟಣಿಗೆ ಮೇಲೆ ನಾವಿದೀವಿ ಅಂತ ಅವನಿಗೆ ಗೊತ್ತಿರಲಿಲ್ಲ.

ಮಾವ ಸುಮ್ನೆ ನೋಡಿದ. ಆಮೇಲೆ, "ಲೇ, ಇದು ರೆಕಾರ್ಡ್ ಆಗಿಲ್ಲ ತಾನೇ?"

"ಆಗ್ಯೈತಿ ಮಾವ, ಸೌಂಡೂ ಬಂದೈತಿ."

"ಥೂ."

ಆ "ಥೂ" ಯಾರಿಗೆ ಅಂತ ಬಸ್ಸಲ್ಲಿ ಬರ್ತಾ ದಾರಿಯುದ್ದಕ್ಕೂ ಯೋಚ್ನೆ ಮಾಡಿದೆ. ರೆಕಾರ್ಡ್ ಆಗಿಲ್ಲ ತಾನೇ? ಹಂದಿ ತಪ್ಪು ಮಾಡೋದು ರೆಕಾರ್ಡ್ ಆಗ್ಬೇಕು, ಅವನು ಒಳ್ಳೇದು ಮಾಡಿದ್ದು ಆಗ್ಬಾರ್ದು. ಮಾವ ಕೆಟ್ಟೋನಲ್ಲ, ಹಠಮಾರಿ, ಅಷ್ಟೇ. ಇಷ್ಟು ವರ್ಷ ಬೈದಿದ್ದನ್ನೆಲ್ಲಾ ಈಗ ಎಲ್ಲಿ ಇಡೋದು ಅವನು? ನಮ್ಮನೇಲೂ ಇದೇ ಕಥೆ ಅಲ್ವಾ, ಸೈಟಿನ ವಿಷಯಕ್ಕೆ ಮಾತು ಬಿಟ್ಟ ದೊಡ್ಡಪ್ಪ ಅಪ್ಪನ ಆಪರೇಷನ್ ದಿನ ಆಸ್ಪತ್ರೆ ಗೇಟಲ್ಲಿ ನಿಂತಿದ್ರು ಅಂತ ಆಟೋದೋನು ಹೇಳಿದ್ದ, ಮನೇಲಿ ಯಾರೂ ಅದನ್ನ ಎತ್ತಲೇ ಇಲ್ಲ. ಎತ್ತಿದ್ರೆ ಫೋನ್ ಮಾಡ್ಬೇಕಾಗ್ತಿತ್ತಲ್ಲ. ಊರಲ್ಲಿ ಯಾರು ಯಾರಿಗೆ ಕೆಟ್ಟದ್ದು ಮಾಡಿದ್ರು ಅನ್ನೋದಕ್ಕೆ ಸಾಕ್ಷಿ ಬೇಕಾದಷ್ಟು ಸಿಗ್ತಾರೆ, ಇಂಥದ್ದಕ್ಕೆ ಒಬ್ಬನೂ ಬರಲ್ಲ.

ನಿನ್ನೆ ಮಾವ ಫೋನ್ ಮಾಡಿದ್ದ, ಹಂದಿ ಇರೋಷ್ಟು ಮಾತ್ರ ಕಟ್ ಮಾಡಿ ಕಳಿಸು ಅಂತ. ಮಾಡ್ತಾ ಕೂತಿದೀನಿ. ಅವನನ್ನ ತೆಗೆದು ಡಬ್ಬದ ಸೌಂಡ್ ಮ್ಯೂಟ್ ಮಾಡಿದ್ರೆ ಆ ಹಂದಿಗಳು ಯಾಕೆ ಓಡ್ತಿವೆ ಅಂತಾನೇ ಅರ್ಥ ಆಗಲ್ಲ ಕಣ್ರೀ.